ಸಾವು ಬೇಡುವವರಿಗೆ ನಾವೇನು ಕೊಡಬೇಕು?

ರಾಜರಾಜೇಶ್ವರಿನಗರದ ನನ್ನ ದವಾಖಾನೆಗೆ ಬರುವವರಲ್ಲಿ ಹೆಚ್ಚಿನವರದು ಮಂಡಿನೋವು, ಮಲಬದ್ಧತೆ, ಇಸುಬು, ಸಕ್ಕರೆ ಕಾಯಿಲೆಯ ಗೋಳು. ಸಾವಿನ ಅಂಚಿನಲ್ಲಿರುವವರನ್ನು ಯಾರೂ ಮೊದಲು ಯುನಾನಿ ವೈದ್ಯರ ಬಳಿಗೆ ಕರೆತರುವುದಿಲ್ಲ. ದೊಡ್ಡಾಸ್ಪತ್ರೆಗಳು ಕೈಚೆಲ್ಲಿದ ಮೇಲೆ ನಮ್ಮ ನೆನಪಾಗುತ್ತದೆ. ಹಾಗೆಯೇ ಒಂದು ಸಂಜೆ ಪಂತರಪಾಳ್ಯದ ಯುವಕನೊಬ್ಬ ಬಂದು, ತನ್ನ ತಂದೆಯನ್ನು ಮನೆಗೇ ಬಂದು ನೋಡಬೇಕೆಂದು ಕೇಳಿಕೊಂಡ. ತಂದೆಗೆ ಬಾಯಿಯ ಕ್ಯಾನ್ಸರ್. ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳುಹಿಸಿದ್ದರು.

ಹಿರಿಯರು ಮಗನನ್ನು ಚಹಾ ತರಲೆಂದು ಹೊರಗೆ ಕಳುಹಿಸಿ, ನನ್ನ ಕೈ ಹಿಡಿದುಕೊಂಡರು. "ಹಕೀಮ್ ಸಾಬ್, ನಿಮ್ಮ ಹತ್ರ ಎಲ್ಲಾ ಥರದ ದವಾ ಇರುತ್ತಂತಲ್ಲ. ಏನಾದ್ರೂ ಒಂದು ಪುಡಿ ಕೊಟ್ಟುಬಿಡಿ. ಇವರಿಗೂ ಸಾಕಾಗಿದೆ, ನನಗೂ ಸಾಕಾಗಿದೆ" ಎಂದರು.

ನಾನು ಏನು ಹೇಳಿರಬಹುದೆಂದು ನೀವು ಊಹಿಸಬಲ್ಲಿರಿ. ನೀವಾಗಿದ್ದರೂ ಅದನ್ನೇ ಹೇಳುತ್ತಿದ್ದಿರಿ. "ತೌಬಾ ತೌಬಾ, ಹಾಗೆಲ್ಲ ಅನ್ನಬೇಡಿ ಅಬ್ಬಾ, ಹರಾಮ್ ಅದು. ಸಬರ್ ಮಾಡಿ" ಎಂದೆ. ಅವರು ಕೈ ಬಿಟ್ಟು ಗೋಡೆಯ ಕಡೆಗೆ ಮುಖ ತಿರುಗಿಸಿದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ವಾಪಸು ಬರುವಾಗ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಯೋಚಿಸಿದಾಗ ನಾಚಿಕೆಯಾಯಿತು. ನಾನೊಬ್ಬ ವೈದ್ಯ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿರಲಿಲ್ಲ, ನೋವು ಎಲ್ಲಿ, ಎಷ್ಟು ಎಂದು ಕೇಳಿರಲಿಲ್ಲ. ನೇರವಾಗಿ ಫತ್ವಾ ಕೊಟ್ಟು ಎದ್ದು ಬಂದಿದ್ದೆ.

ಸಾಯಬಯಸುವವರಿಗೆ ಸಾಯಲು ಸಮಾಜ ಅನುಮತಿ ಕೊಡಬೇಕೇ, ಸಹಾಯವನ್ನೂ ಮಾಡಬೇಕೇ? ಈ ಪ್ರಶ್ನೆ ಈಗ ನಮ್ಮ ರಾಜ್ಯದಲ್ಲಿ ಮನೆಮನೆಯ ಮಾತಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಯಲು ಸಹಾಯ ಮಾಡಬಾರದು; ವೈದ್ಯರಂತೂ ಖಂಡಿತ ಮಾಡಬಾರದು. ಆದರೆ ಹಾಗೆ ಹೇಳುವ ಹಕ್ಕು ಪುಕ್ಕಟೆಯಾಗಿ ಬರುವುದಿಲ್ಲ. ಅದರ ಬೆಲೆಯನ್ನು ನಾವು ಕಟ್ಟುತ್ತಿಲ್ಲ ಎಂಬುದು ನನ್ನ ದೂರು.

ಮೊದಲು ಸುದ್ದಿಯನ್ನು ಸರಿಯಾಗಿ ತಿಳಿದುಕೊಳ್ಳೋಣ. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅದರ ಮರುವಾರ ಜುಮಾ ನಮಾಝ್ ಮುಗಿಸಿ ಹೊರಬರುವಾಗ ಒಬ್ಬರು, "ಸರಕಾರ ಆತ್ಮಹತ್ಯೆಗೆ ಲೈಸೆನ್ಸ್ ಕೊಟ್ಟಿದೆಯಂತೆ, ನೋಡಿದ್ರಾ" ಎಂದರು. ಹಾಗಿಲ್ಲ. ಯಾರಿಗೂ ಇಂಜೆಕ್ಷನ್ ಕೊಟ್ಟು ಜೀವ ತೆಗೆಯಲು ಆ ಸುತ್ತೋಲೆ ಅವಕಾಶ ಕೊಡುವುದಿಲ್ಲ. ಇದು ದಯಾಮರಣವಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೂ ಸ್ಪಷ್ಟಪಡಿಸಿದ್ದಾರೆ. ಗುಣವಾಗುವ ಆಸೆಯೇ ಇಲ್ಲದ, ವೆಂಟಿಲೇಟರಿನಂಥ ಜೀವರಕ್ಷಕ ಯಂತ್ರಗಳಿಂದಲೂ ಪ್ರಯೋಜನವಾಗದ ರೋಗಿಯಿಂದ ಆ ಯಂತ್ರವನ್ನು ಹಿಂತೆಗೆಯಬಹುದೇ ಎಂಬ ಪ್ರಶ್ನೆಗೆ ಮಾತ್ರ ಅದು ಸಂಬಂಧಿಸಿದ್ದು. ಅದಕ್ಕೂ ಎರಡು ಹಂತದ ತಪಾಸಣೆಯಿದೆ. ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ಅನುಭವಿ ತಜ್ಞರೂ ಇರುವ ಮೊದಲ ಮಂಡಳಿ ನೋಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪು ಮತ್ತು 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿದ ಆದೇಶವನ್ನೇ ರಾಜ್ಯ ಸರಕಾರ ಜಾರಿಗೆ ತಂದಿದೆ. ಇನ್ನೊಬ್ಬರ ಆತ್ಮಹತ್ಯೆಗೆ ನೆರವಾಗುವುದು ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮಿನಡಿ ಹತ್ತು ವರ್ಷಗಳವರೆಗೆ ಶಿಕ್ಷೆಯಿದೆ.

ಸುತ್ತೋಲೆ ಬಂದಾಗ ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. ಅವರ ವಯಸ್ಸು ಆಗ 85. ಬೆನ್ನಿನ ಡಿಸ್ಕ್ ಸರಿದು ವರ್ಷಗಟ್ಟಲೆ ನೋವುಂಡವರು. ಘನತೆಯಿಂದ ಸಾಯಲು ಬಿಡಿ ಎಂದು ಎರಡು ದಶಕಗಳಿಗೂ ಹೆಚ್ಚು ಕಾಲ ಸರಕಾರಕ್ಕೆ, ರಾಷ್ಟ್ರಪತಿಗೆ, ಪ್ರಧಾನಿಗೆ ಅರ್ಜಿ ಬರೆಯುತ್ತ ಬಂದವರು. ಅವರ ಛಾಯಾಚಿತ್ರ ನೋಡಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕಾನೂನಲ್ಲ. ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ ಒಬ್ಬ ಮೇಡಂ ಇಪ್ಪತ್ತು ವರ್ಷ ಸಾವಿಗಾಗಿ ಅರ್ಜಿ ಬರೆಯಬೇಕಾಯಿತಲ್ಲ ಎಂಬುದು. ಇಲ್ಲಿ ಇನ್ನೊಂದು ಮಾತೂ ಇದೆ. ಮೇಲೆ ಹೇಳಿದ ಕಾನೂನು ಯಂತ್ರಕ್ಕೆ ಕಟ್ಟಿಹಾಕಿದ ರೋಗಿಗೆ. ವೆಂಟಿಲೇಟರಿನಲ್ಲಿ ಇಲ್ಲದೆ, ಎಚ್ಚರವಾಗಿಯೇ ನರಳುವವರಿಂದ ತೆಗೆಯುವುದಕ್ಕೆ ಏನಿದೆ? ಅವರು ಕೇಳುತ್ತಿರುವುದು ಬೇರೆಯದೇ ಸಂಗತಿ. ಕಠಿಣವಾದ ಪ್ರಶ್ನೆ ಇದೇ. ಇದಕ್ಕೆ ಸುತ್ತೋಲೆಯಲ್ಲಿ ಉತ್ತರವಿಲ್ಲ.

ಧರ್ಮದ ಉತ್ತರ ನಿಮಗೆ ಗೊತ್ತಿದೆ. ಜೀವ ನಮ್ಮ ಸೊತ್ತಲ್ಲ, ಅಮಾನತು. ತನ್ನನ್ನು ತಾನು ಕೊಂದುಕೊಳ್ಳುವುದನ್ನು ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದ 29ನೇ ಸೂಕ್ತದಲ್ಲಿ ನಿಷೇಧಿಸುತ್ತದೆ. ಅದೇ ಸೂಕ್ತ ಅಲ್ಲಾಹನ ಕರುಣೆಯ ಮಾತಿನೊಂದಿಗೆ ಮುಗಿಯುತ್ತದೆ ಎಂಬುದನ್ನೂ ಗಮನಿಸಿ. ಕಷ್ಟ ಬಂತೆಂದು ಮರಣವನ್ನು ಬಯಸಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತೀರಾ ತಾಳಲಾಗದಿದ್ದರೆ, ಬದುಕು ಒಳಿತಾಗಿರುವವರೆಗೆ ಬದುಕಿಸು, ಮರಣ ಒಳಿತಾದಾಗ ಮರಣ ಕೊಡು ಎಂಬ ಅರ್ಥದ ದುಆ ಮಾಡಲು ಹೇಳಿಕೊಟ್ಟಿದ್ದಾರೆ. ಅಂದರೆ ಮನುಷ್ಯ ಆ ಸ್ಥಿತಿಗೆ ತಲುಪುತ್ತಾನೆಂಬುದು ಅವರಿಗೆ(ಸ) ಗೊತ್ತಿತ್ತು. ಬಾಯಿ ಮುಚ್ಚಿಸಲಿಲ್ಲ. ಹೇಳಿಕೊಳ್ಳಲು ಒಂದು ಮಾತು ಕೊಟ್ಟರು.

ಇನ್ನೊಂದು ಘಟನೆ ನನಗೆ ತುಂಬಾ ಮುಖ್ಯವೆನಿಸುತ್ತದೆ. ಬುಖಾರಿಯಲ್ಲಿ ಇಬ್ನು ಅಬ್ಬಾಸ್(ರ) ಅವರಿಂದ ಅದು ವರದಿಯಾಗಿದೆ. ಮೂರ್ಛೆರೋಗವಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು ದುಆ ಮಾಡಲು ಕೇಳಿಕೊಂಡರು. ಬೇಕಾದರೆ ಸಹನೆಯಿಂದಿರಿ, ಸ್ವರ್ಗವಿದೆ. ಬೇಕಾದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಆಯ್ಕೆಯನ್ನು ಅವರಿಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಒಂದು ಕೋರಿಕೆ ಮುಂದಿಟ್ಟರು: ಮೂರ್ಛೆ ಬಂದು ಬೀಳುವಾಗ ನನ್ನ ಮೈಮೇಲಿನ ಬಟ್ಟೆ ಸರಿಯುತ್ತದೆ, ಹಾಗಾಗದಿರಲಿ. ಅದಕ್ಕಾಗಿ ಪ್ರವಾದಿವರ್ಯರು(ಸ) ದುಆ ಮಾಡಿದರು. ವಿದ್ವಾಂಸರಲ್ಲಿ ಹಲವರು ಇದನ್ನು, ಚಿಕಿತ್ಸೆ ಪಡೆಯುವುದು ಎಲ್ಲ ಸಂದರ್ಭಗಳಲ್ಲೂ ಕಡ್ಡಾಯವಲ್ಲ ಎಂಬುದಕ್ಕೆ ಪುರಾವೆಯಾಗಿ ಎತ್ತಿಕೊಳ್ಳುತ್ತಾರೆ. ಒಬ್ಬ ವೈದ್ಯನಾಗಿ ನನ್ನ ಕಣ್ಣು ಆಕೆಯ ಕೋರಿಕೆಯ ಮೇಲೆಯೇ ನಿಲ್ಲುತ್ತದೆ. ಕಾಯಿಲೆಯನ್ನು ಸಹಿಸುತ್ತೇನೆ, ಆದರೆ ಮಾನ ಹೋಗುವುದನ್ನು ಸಹಿಸಲಾರೆ ಎಂದರು ಆಕೆ. ಇಂದು ಕೋರ್ಟುಗಳು ಘನತೆ ಎಂದು ಕರೆಯುವುದು ಇದನ್ನೇ. ಸಬರ್ ಮಾಡಿ ಎಂದು ಮಂಚದ ಪಕ್ಕ ನಿಂತು ಹೇಳುವ ನಾವು, ರೋಗಿಯ ಮೈಮೇಲಿನ ಬಟ್ಟೆ ಸರಿಮಾಡಿದ್ದೇವೆಯೇ?

ಕರಾವಳಿಯ ಹಳದೀಪುರದ ಒಬ್ಬ ಹೆಣ್ಣುಮಗಳ ವಿಷಯ ಇಲ್ಲಿ ಹೇಳಲೇಬೇಕು. ಹೊನ್ನಾವರ ತಾಲ್ಲೂಕಿನಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಆಕೆಯ ಮೇಲೆ ಘೋರ ದೌರ್ಜನ್ಯ ಎಸಗಿದ. ಮೆದುಳಿಗೆ ರಕ್ತ ಹೋಗದೆ ಆಕೆ ಮತ್ತೆ ಏಳಲೇ ಇಲ್ಲ. 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಹೋಗಲು ಬಿಡಿ ಎಂದು ಆಕೆಯ ಬಗ್ಗೆ ಪುಸ್ತಕ ಬರೆದ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ತೀರ್ಪು ಬಂತು. ಆ ತೀರ್ಪೇ ಮೊದಲ ಬಾರಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ದಾರಿಯನ್ನು ದೇಶದಲ್ಲಿ ತೆರೆದದ್ದು. ಆದರೆ ಅರುಣಾಗೆ ಅದು ಅನ್ವಯಿಸಲಿಲ್ಲ. ಕಾರಣ, ಆಸ್ಪತ್ರೆಯ ನರ್ಸುಗಳು. ಈಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದು ಅವರು ನಿಂತುಬಿಟ್ಟರು. ಹಳಬರು ನಿವೃತ್ತರಾದರು, ಅರುಣಾಳನ್ನು ನಡೆದಾಡುವಾಗ ನೋಡಿಯೇ ಇರದ ಹೊಸಬರು ಬಂದರು. ಅವರೂ ತುತ್ತು ತಿನ್ನಿಸಿದರು, ಒರೆಸಿದರು, ಮಗ್ಗುಲು ಬದಲಿಸಿದರು. ಇಷ್ಟು ವರ್ಷ ಮಲಗಿದ್ದರೂ ಆಕೆಯ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇರಲಿಲ್ಲವೆಂಬುದು ಕೋರ್ಟಿನ ಗಮನಕ್ಕೂ ಬಂತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಹಾಸಿಗೆ ಹಿಡಿದವರನ್ನು ನೋಡಿಕೊಂಡ ಮನೆಯವರಿಗೆ ಆ ಒಂದು ಸಂಗತಿಯ ತೂಕ ಗೊತ್ತು. ನಮ್ಮ ಯುನಾನಿ ಗ್ರಂಥಗಳು ಹಾಸಿಗೆ ಹುಣ್ಣನ್ನು ಖರ್ಹಾ ಎ ಫಿರಾಶ್ ಎನ್ನುತ್ತವೆ. ಎರಡು ಮೂರು ವಾರ ಅಲಕ್ಷ್ಯ ಮಾಡಿದರೆ ಮೂಳೆ ಕಾಣುವಷ್ಟು ಆಳಕ್ಕೆ ಇಳಿಯುತ್ತದೆ. ನಲವತ್ತೆರಡು ವರ್ಷ ಅದು ಬಾರದಂತೆ ನೋಡಿಕೊಂಡ ನರ್ಸುಗಳು ದಯಾಮರಣದ ವಿರುದ್ಧ ಭಾಷಣ ಮಾಡಲಿಲ್ಲ. ಅದರ ಬೆಲೆಯನ್ನು ಕಟ್ಟಿದರು. ಬೇಡ ಎನ್ನುವ ಹಕ್ಕು ಅವರಿಗಿತ್ತು.

ಅರುಣಾ ವೆಂಟಿಲೇಟರಿನಲ್ಲಿ ಇರಲಿಲ್ಲ ಎಂಬುದನ್ನೂ ನೆನಪಿಡಿ. ಉಸಿರು ಆಕೆಯದೇ. ನಿಲ್ಲಿಸಬೇಕೆಂದದ್ದು ಆಹಾರವನ್ನು. ಒಡಲು ಸ್ವೀಕರಿಸುತ್ತಿರುವ ಅನ್ನನೀರನ್ನು ನಿಲ್ಲಿಸುವುದೂ, ಸಾಯುತ್ತಿರುವ ದೇಹಕ್ಕೆ ಬಲವಂತವಾಗಿ ಗಾಳಿ ತುಂಬುವ ಯಂತ್ರವನ್ನು ನಿಲ್ಲಿಸುವುದೂ ಒಂದೇ ಅಲ್ಲವೆಂದು ನಾನು ನಂಬುತ್ತೇನೆ. ಮೊದಲನೆಯದರಲ್ಲಿ ಸಾವು ನಮ್ಮ ಕೈಯಿಂದ ಬರುತ್ತದೆ. ಎರಡನೆಯದರಲ್ಲಿ ಅದು ಆಗಲೇ ಬಂದಾಗಿದೆ, ನಾವು ದಾರಿ ಬಿಡುತ್ತೇವೆ.

ಈ ವ್ಯತ್ಯಾಸ ನಮ್ಮ ಹಿರಿಯ ಹಕೀಮರಿಗೆ ಚೆನ್ನಾಗಿ ಗೊತ್ತಿತ್ತು. ಇಬ್ನ್ ಸೀನಾ ತಮ್ಮ ಅಲ್ ಖಾನೂನ್‌ನಲ್ಲಿ ದೇಹದ ಸಹಜ ಶಾಖವನ್ನೂ ಸಹಜ ತೇವವನ್ನೂ ದೀಪ ಮತ್ತು ಎಣ್ಣೆಗೆ ಹೋಲಿಸುತ್ತಾರೆ. ಎಣ್ಣೆ ತೀರಿದಾಗ ದೀಪ ಆರಲೇಬೇಕು. ಸಾವನ್ನು ತಡೆಯುವುದು ವೈದ್ಯವಿದ್ಯೆಯ ಹೊಣೆಯಲ್ಲ, ಎಣ್ಣೆ ಅಕಾಲದಲ್ಲಿ ಕೆಡದಂತೆ, ಬತ್ತದಂತೆ ಕಾಯುವುದಷ್ಟೇ ಅದರ ಹೊಣೆ ಎಂಬುದು ಅವರ ನಿಲುವು. ಬುಖ್ರಾತ್‌ನ ಹೆಸರಿನ ಪ್ರತಿಜ್ಞೆಯಲ್ಲಿ, ಕೇಳಿದರೂ ಯಾರಿಗೂ ವಿಷ ಕೊಡುವುದಿಲ್ಲ ಎಂಬ ಮಾತಿದೆ. ಎರಡನ್ನೂ ಒಟ್ಟಿಗೆ ಓದಿದರೆ ವೈದ್ಯನ ಜಾಗ ಎಲ್ಲಿ ಎಂಬುದು ತಿಳಿಯುತ್ತದೆ. ದೀಪವನ್ನು ಊದುವಂತಿಲ್ಲ. ಎಣ್ಣೆ ತೀರಿದ ಮೇಲೆ ಬತ್ತಿಯನ್ನು ಸುಡುತ್ತ ಕೂರುವಂತೆಯೂ ಇಲ್ಲ.

ನಮ್ಮ ಸಮುದಾಯದಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಈ ಎರಡನೆಯದು. ಪರಿಚಯದ ಕುಟುಂಬವೊಂದು ಎಂಬತ್ತು ದಾಟಿದ ತಾಯಿಯನ್ನು ನಗರದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಮೂರು ವಾರ ವೆಂಟಿಲೇಟರಿನಲ್ಲಿ ಇಟ್ಟಿತು. ಮೂತ್ರಪಿಂಡ, ಯಕೃತ್ತು ಎಲ್ಲ ನಿಂತಿದ್ದವು. ಉಪಯೋಗವಿಲ್ಲ ಎಂದು ವೈದ್ಯರೇ ಹೇಳಿದರೂ ದೊಡ್ಡ ಮಗ, "ಪೈಪು ತೆಗೆಸಿದ್ರೆ ಅಮ್ಮನನ್ನ ಕೊಂದ ಗುನಾಹ್ ನನ್ನ ಮೇಲೆ ಬರುತ್ತೆ" ಎಂದು ಒಪ್ಪಲಿಲ್ಲ. ಸೊಸೆಯ ಒಡವೆ ಗಿರವಿಗೆ ಹೋಯಿತು. ತಾಯಿ ಯಾರ ಮುಖವನ್ನೂ ನೋಡದೆ, ಕಲಿಮಾ ಹೇಳಿಕೊಡುವವರು ಪಕ್ಕದಲ್ಲಿಲ್ಲದೆ, ಬೀಪ್ ಬೀಪ್ ಎನ್ನುವ ಯಂತ್ರಗಳ ನಡುವೆ ಹೋದರು. ಆ ಮಗನ ಭಯವನ್ನು ನಾನು ಲೇವಡಿ ಮಾಡುತ್ತಿಲ್ಲ. ಅವನಿಗೆ ಸರಿಯಾದ ವಿಷಯವನ್ನು ಯಾರೂ ಹೇಳಿರಲಿಲ್ಲ. 1981ರಲ್ಲಿ ಕುವೈತಿನಲ್ಲಿ ರೂಪಿಸಿದ ಇಸ್ಲಾಮೀ ವೈದ್ಯಕೀಯ ನೀತಿಸಂಹಿತೆ ಕರುಣೆಯ ಹೆಸರಿನಲ್ಲೂ ವೈದ್ಯ ಜೀವ ತೆಗೆಯಬಾರದು ಎನ್ನುತ್ತದೆ. ಅದರ ಜೊತೆಗೇ, ಮರಳಿ ಬರಲಾರದೆಂದು ಖಚಿತವಾದ ಜೀವವನ್ನು ಯಂತ್ರಗಳಿಂದ ಎಳೆದಾಡುವುದು ವ್ಯರ್ಥ ಎಂದೂ ಹೇಳುತ್ತದೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿ, ಮೆದುಳು ಪೂರ್ತಿ ನಿಂತು ಮರಳಿ ಬರದೆಂದು ತಜ್ಞರು ನಿರ್ಧರಿಸಿದಾಗ ಯಂತ್ರ ತೆಗೆಯಬಹುದೆಂದು ತೀರ್ಮಾನಿಸಿತು. ನಿಮ್ಮ ಮನೆಯಲ್ಲಿ ಅಂಥ ಗಳಿಗೆ ಬಂದರೆ ನಿಮ್ಮ ಆಲಿಮರನ್ನು ಕೇಳಿ. ಆದರೆ ವೈದ್ಯರ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿ.

ಈಗ ಎದುರು ಪಕ್ಷದ ವಾದವನ್ನು ನೋಡೋಣ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ, ಕೆನಡಾ 2016ರಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟವು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದಲೇ, ಬದುಕು ಆರು ತಿಂಗಳಿಗಿಂತ ಕಡಿಮೆ ಉಳಿದಿರುವ ರೋಗಿ ವೈದ್ಯರಿಂದ ಮಾರಕ ಔಷಧ ಬರೆಸಿಕೊಳ್ಳಬಹುದು. ನನ್ನ ಬದುಕು, ನನ್ನ ನೋವು, ನಿರ್ಧಾರ ನನ್ನದು, ನೀವ್ಯಾರು ತಡೆಯಲು ಎಂಬುದು ಅವರ ವಾದದ ತಿರುಳು. ಕ್ಯಾನ್ಸರ್ ರೋಗಿಯ ರಾತ್ರಿಯನ್ನು ಕಂಡವರಿಗೆ ಈ ಮಾತು ಎದೆಗೆ ತಟ್ಟುತ್ತದೆ.

ಆದರೆ ಓರೆಗಾನ್‌ನ ವಾರ್ಷಿಕ ವರದಿಗಳಲ್ಲಿ ಒಂದು ಸಂಗತಿ ಮತ್ತೆಮತ್ತೆ ಕಾಣುತ್ತದೆ. ಸಾವನ್ನು ಆರಿಸಿಕೊಂಡವರು ಕೊಡುವ ಕಾರಣಗಳಲ್ಲಿ ನೋವು ಮೊದಲನೆಯದಲ್ಲ. ಸ್ವಂತವಾಗಿ ಏನೂ ಮಾಡಿಕೊಳ್ಳಲಾಗದ ಸ್ಥಿತಿ, ಘನತೆ ಹೋಯಿತೆಂಬ ಭಾವನೆ ಮೇಲಿರುತ್ತವೆ. ಮನೆಯವರಿಗೆ ಭಾರವಾಗುತ್ತೇನೆ ಎಂಬುದನ್ನೂ ಬಹಳ ಮಂದಿ ಹೇಳುತ್ತಾರೆ. ಆ ಕೊನೆಯ ಕಾರಣವನ್ನು ತಂದು ನಮ್ಮ ಬಾಪೂಜಿನಗರದ, ಗೋರಿಪಾಳ್ಯದ, ನಾಯಂಡಹಳ್ಳಿಯ ಒಂದೂವರೆ ಕೋಣೆಯ ಮನೆಗಳಲ್ಲಿಟ್ಟು ನೋಡಿ. ಅಲ್ಲಿ ತಂದೆಯ ಔಷಧಿಯೋ ಮಗಳ ಕಾಲೇಜು ಫೀಸೋ ಎಂಬ ಲೆಕ್ಕ ಪ್ರತಿ ತಿಂಗಳೂ ನಡೆಯುತ್ತದೆ. ಹಾಸಿಗೆಯಲ್ಲಿರುವ ಮುದುಕರಿಗೆ ಆ ಲೆಕ್ಕ ಕೇಳಿಸುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಾಯುವುದು ಹಕ್ಕು ಎಂದು ಕಾನೂನು ಹೇಳಿದ ಮರುದಿನ, ಬದುಕುವುದಕ್ಕೆ ಅವರು ಕಾರಣ ಕೊಡಬೇಕಾಗುತ್ತದೆ. ಇನ್ನೂ ಯಾಕೆ ಇದ್ದೀರಿ ಎಂದು ಯಾರೂ ಕೇಳದಿದ್ದರೂ ಅವರ ಕಿವಿಗೆ ಅದು ಕೇಳತೊಡಗುತ್ತದೆ. ಕೆನಡಾದಲ್ಲಿ ಮೊದಲು ಸಾವು ಸಮೀಪಿಸಿದವರಿಗಷ್ಟೇ ಇದ್ದ ಅವಕಾಶವನ್ನು 2021ರಲ್ಲಿ ಸಾವು ಸಮೀಪದಲ್ಲಿಲ್ಲದ, ಆದರೆ ಗುಣವಾಗದ ಕಾಯಿಲೆಯಿರುವವರಿಗೂ ವಿಸ್ತರಿಸಿದರು. ಬಾಗಿಲು ತೆರೆದ ಮೇಲೆ ಎಷ್ಟು ತೆರೆಯಬೇಕೆಂಬುದು ತೆರೆದವರ ಕೈಯಲ್ಲಿ ಉಳಿಯುವುದಿಲ್ಲ. ನಾನು ಇದನ್ನು ವಿರೋಧಿಸುವುದಕ್ಕೆ ಧರ್ಮ ಮೊದಲ ಕಾರಣ. ನಾನು ಮುಸ್ಲಿಮನಲ್ಲದೆ ಇದ್ದಿದ್ದರೂ ಈ ಕಾರಣಕ್ಕೆ ವಿರೋಧಿಸುತ್ತಿದ್ದೆ.

(ನಮ್ಮ ನೆರೆಯ ಜೈನ ಬಾಂಧವರ ಸಲ್ಲೇಖನದ ಬಗ್ಗೆ ಕೆಲವರು ಕೇಳುತ್ತಾರೆ. ಶ್ರವಣಬೆಳಗೊಳದ ಶಾಸನಗಳಷ್ಟು ಹಳೆಯ ವ್ರತ ಅದು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಯೆಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅವರ ಧರ್ಮದ ವಿಷಯವನ್ನು ಅವರ ವಿದ್ವಾಂಸರು ಹೇಳಲಿ. ನಾನು ನಮ್ಮ ಮನೆಯ ವಿಷಯ ಮಾತನಾಡುತ್ತಿದ್ದೇನೆ.)

ಪಂತರಪಾಳ್ಯದ ಆ ಮನೆಗೆ ಎರಡು ದಿನ ಬಿಟ್ಟು ಮತ್ತೆ ಹೋದೆ. ಈ ಬಾರಿ ಉಪದೇಶ ಮಾಡಲಿಲ್ಲ, ಕೇಳಿದೆ. ನಿಧಾನವಾಗಿ ಒಂದೊಂದೇ ಹೊರಬಂತು. ನೋವಿಗೆ ಅವರಿಗೆ ಸಿಗುತ್ತಿದ್ದದ್ದು ತಲೆನೋವಿನ ಮಾತ್ರೆ. ಮಾರ್ಫಿನ್ ಬರೆದುಕೊಟ್ಟಿದ್ದರೂ ಮಗ ಕೊಟ್ಟಿರಲಿಲ್ಲ. "ಅದು ನಶೆಯಲ್ವಾ? ಅದು ಕೊಟ್ರೆ ಬೇಗ ಹೋಗ್ತಾರಂತೆ" ಎಂದ. ಗಾಯದಿಂದ ವಾಸನೆ ಬರುತ್ತಿತ್ತು, ಆದ್ದರಿಂದ ಮೊಮ್ಮಕ್ಕಳನ್ನು ಕೋಣೆಗೆ ಬಿಡುತ್ತಿರಲಿಲ್ಲ. ಮೂತ್ರದ ಚೀಲ ಹಾಕಿದ್ದರು. ತಾನು ನಾಪಾಕ್ ಎಂದುಕೊಂಡು ಅವರು ಒಂದೂವರೆ ತಿಂಗಳಿಂದ ನಮಾಝ್ ಬಿಟ್ಟಿದ್ದರು. ಹೇಳುವಾಗ ಅತ್ತದ್ದು ನೋವಿಗಲ್ಲ, ಇದಕ್ಕೆ. ನಮಾಝ್ ಇಲ್ಲ, ಮೊಮ್ಮಕ್ಕಳಿಲ್ಲ, ನಿದ್ದೆ ಇಲ್ಲ. ಪುಡಿ ಕೇಳದೆ ಇನ್ನೇನು ಕೇಳಬೇಕಿತ್ತು ಅವರು?

ಇದರಲ್ಲಿ ಒಂದಕ್ಕೂ ದೊಡ್ಡ ವಿದ್ಯೆ ಬೇಕಿರಲಿಲ್ಲ. ಮಾರ್ಫಿನ್ ಗಸಗಸೆ ಗಿಡದ ಅಫ್ಯೂನ್‌ನಿಂದ ಬರುತ್ತದೆ ನಿಜ. ನಮ್ಮ ಯುನಾನಿ ಗ್ರಂಥಗಳೂ ಅಫ್ಯೂನನ್ನು ನೋವು ಮರಗಟ್ಟಿಸುವ ದ್ರವ್ಯಗಳ ಸಾಲಿನಲ್ಲಿ ಹೇಳುತ್ತವೆ. ಆದರೆ ಇಂದು ಅದನ್ನು ಅಳತೆ ಮಾಡಿ ಕೊಡಬೇಕಾದವರು ತರಬೇತಿ ಪಡೆದ ಅಲೋಪಥಿ ವೈದ್ಯರು. ನನಗೆ ಆ ಅಧಿಕಾರವಿಲ್ಲ, ಇರಬೇಕೆಂದೂ ನಾನು ಹೇಳುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ನೋವನ್ನು ದೂರ ಮಾಡುತ್ತದೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಡುತ್ತಾರೆ. ತೀವ್ರ ನೋವಿಗೆ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುವುದನ್ನು ವಿದ್ವಾಂಸರು ಅನಿವಾರ್ಯತೆಯ ನಿಯಮದಡಿ ಒಪ್ಪುತ್ತಾರೆ. ಮೋಜಿನ ನಶೆಗೂ ಇದಕ್ಕೂ ಸಂಬಂಧವಿಲ್ಲ. ಮೊದಲು ಲೈಸೆನ್ಸುಗಳ ಕಾಟದಿಂದ ಮಾರ್ಫಿನ್ ಸಿಗುವುದೇ ಕಷ್ಟವಿತ್ತು. 2014ರ ಕಾನೂನು ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಅದು ಸಲೀಸಾಗಿದೆ. ನಮ್ಮ ನಗರದಲ್ಲಿ ಕಿದ್ವಾಯಿ ಆಸ್ಪತ್ರೆಯ ಪ್ಯಾಲಿಯೇಟಿವ್ ಕೇರ್ ವಿಭಾಗವಿದೆ. ಮಾರತಹಳ್ಳಿಯ ಕಡೆ 1999ರಿಂದ ನಡೆಯುತ್ತಿರುವ ಕರುಣಾಶ್ರಯವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಎಷ್ಟೋ ಕುಟುಂಬಗಳಿಗೆ ಈ ಹೆಸರೇ ಗೊತ್ತಿಲ್ಲ.

ಗಾಯದ ವಾಸನೆಗೆ ನರ್ಸ್ ಒಬ್ಬರು ಬಂದು ಮೆಟ್ರೊನಿಡಜೋಲ್ ಹಾಕಿ ಡ್ರೆಸಿಂಗ್ ಮಾಡುವುದನ್ನು ಮಗನಿಗೆ ಕಲಿಸಿದರು. ನಾಲ್ಕೈದು ದಿನಗಳಲ್ಲಿ ಕೋಣೆಯ ಬಾಗಿಲು ತೆರೆಯಿತು. ಮೂತ್ರದ ಚೀಲ ಇರುವವರು ಶರೀಅತ್‌ನ ದೃಷ್ಟಿಯಲ್ಲಿ ಮಅ್‌ಝೂರ್. ಪ್ರತಿ ನಮಾಝಿನ ವೇಳೆಗೆ ವುಝೂ, ಅದೂ ಆಗದಿದ್ದರೆ ತಯಮ್ಮುಮ್ ಮಾಡಿ, ಮಲಗಿದಲ್ಲೇ ಸನ್ನೆಯಿಂದ ನಮಾಝ್ ಮಾಡಬಹುದು. ಇದನ್ನು ಅವರಿಗೆ ಹೇಳಲು ಮೊಹಲ್ಲಾದ ಇಮಾಮ್ ಸಾಹೇಬರನ್ನು ಕರೆಸಿದೆ. ಹತ್ತು ನಿಮಿಷದ ಕೆಲಸ. ಒಂದೂವರೆ ತಿಂಗಳು ಅದನ್ನು ಯಾರೂ ಮಾಡಿರಲಿಲ್ಲ.

ಹಾಸಿಗೆ ಹಿಡಿದವರು ನಿಮ್ಮ ಮನೆಯಲ್ಲಿದ್ದರೆ ಇಷ್ಟು ತಿಳಿದಿರಿ. ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮನೆಯವರು ಪಾಳಿ ಹಾಕಿಕೊಳ್ಳಿ, ಒಬ್ಬಳೇ ಸೊಸೆಯ ತಲೆಗೆ ಕಟ್ಟಬೇಡಿ. ಚರ್ಮ ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ಉಜ್ಜುವ ಅಭ್ಯಾಸವಿದೆ, ಅದು ತಪ್ಪು, ಒಳಗಿನ ಮಾಂಸ ಇನ್ನಷ್ಟು ಜಖಂ ಆಗುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ಒಣಗಿಸಿಡಿ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಳಿಯುತ್ತದೆ. ನುಂಗಲಾಗದವರ ಬಾಯಿಗೆ ಪ್ರೀತಿಯಿಂದಲೇ ಆದರೂ ಶೋರ್ವಾ, ಝಮ್‌ಝಮ್ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತಿಯನ್ನು ಅದ್ದಿ ತುಟಿ, ನಾಲಿಗೆ ತೇವ ಮಾಡಿ. ಬಟ್ಟೆ ಬದಲಿಸುವಾಗ ಬಾಗಿಲು ಹಾಕಿ, ಮೇಲೊಂದು ಹೊದಿಕೆ ಇಟ್ಟುಕೊಳ್ಳಿ. ಮಾತಾಡಲಾಗದವರಿಗೂ ಕಿವಿ ಕೇಳಿಸಬಹುದು. ಖರ್ಚಿನ ಲೆಕ್ಕವನ್ನು ಆ ಕೋಣೆಯಲ್ಲಿ ಮಾಡಬೇಡಿ.

ಕಾಯಿಲೆಯಿಲ್ಲದ ಎಳೆಯರ ವಿಷಯ ಬೇರೆ. ಪರೀಕ್ಷೆಯ ಫಲಿತಾಂಶ, ಸಾಲ, ಮದುವೆಯ ಜಗಳದಿಂದ ಸಾವಿನ ಮಾತಾಡುವವರ ಬಗ್ಗೆ ಹಕ್ಕಿನ ಚರ್ಚೆಯೇ ಸಲ್ಲದು. ಅಲ್ಲಿ ಬೇಕಾದದ್ದು ಚಿಕಿತ್ಸೆ. ಇಂಥ ಮಾತು ಕೇಳಿದರೆ ಹರಾಮ್ ಎಂದು ಗದರಿಸಿ ಮುಗಿಸಬೇಡಿ. ಒಂಟಿಯಾಗಿ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿರುವವರೆಂದೇ ಪರಿಗಣಿಸುತ್ತದೆ. ಹಾಗಾಗಿ ಪೊಲೀಸರ ಭಯದಿಂದ ವಿಷಯ ಮುಚ್ಚಿಟ್ಟು ಆಸ್ಪತ್ರೆ ತಪ್ಪಿಸಬೇಡಿ. ಅನಾಹುತವಾಗಿಹೋದ ಮನೆಯ ಮುಂದೆ ನಿಂತು ಜನಾಝಾ ಮಾಡಬಹುದೋ ಇಲ್ಲವೋ ಎಂದು ಪಿಸುಗುಟ್ಟುವವರನ್ನೂ ನೋಡಿದ್ದೇನೆ. ಬಹುಪಾಲು ವಿದ್ವಾಂಸರು ಮಾಡಬೇಕೆಂದೇ ಹೇಳುತ್ತಾರೆ.

ಮುಂಗಡ ನಿರ್ದೇಶನ ಪತ್ರದ ಬಗ್ಗೆ ಒಂದು ಮಾತು. ನನಗೆ ಮಾತಾಡಲಾಗದ ಸ್ಥಿತಿ ಬಂದು, ಗುಣವಾಗುವ ಆಸೆಯೂ ಇಲ್ಲದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಕಾಗದ ಅದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನೂ ಬರೆಯಬೇಕು. ಯಾವಾಗ ಬೇಕಾದರೂ ರದ್ದು ಮಾಡಬಹುದು. ನಾನು ಇದನ್ನು ಮನೆಯಲ್ಲಿ ಪ್ರಸ್ತಾಪಿಸಿದಾಗ ಅಮ್ಮ, "ಅಲ್ಲಾಹ್ ಖೈರ್ ಮಾಡಲಿ, ಈಗ ಯಾಕೆ ಈ ಮಾತು" ಎಂದು ಎದ್ದು ಹೋದರು. ಎರಡು ದಿನ ಬಿಟ್ಟು ಅವರೇ ಅಡುಗೆಮನೆಯಿಂದ ಕೇಳಿದರು: "ಆ ಕಾಗದದಲ್ಲಿ ನೋವಿನ ಔಷಧಿ ಕೊಡಬೇಡಿ ಅಂತ ಬರೀತಾರಾ?" ಇಲ್ಲಮ್ಮಾ, ನೋವಿನ ಔಷಧಿ, ನೀರು, ಶುಚಿ ಎಲ್ಲ ಕೊಡಲೇಬೇಕು ಅಂತ ಬರೆಯೋಣ, ಕೊನೆಗೆ ಮನೆಯಲ್ಲೇ ಇರಬೇಕು ಅಂತಲೂ ಬರೆಯೋಣ ಎಂದೆ. "ಹಾಗಾದ್ರೆ ಬರಿ" ಎಂದರು. ವಸಿಯ್ಯತ್ ಬರೆದಿಡುವುದು ನಮಗೆ ಹೊಸದೇನಲ್ಲ. ಆಸ್ತಿಗೆ ಬರೆಯುತ್ತೇವೆ. ಮಗನ ತಲೆಯ ಮೇಲಿಂದ ಇಂಥದೊಂದು ಭಾರ ಇಳಿಸಲು ಬರೆದರೆ ತಪ್ಪೇನೆಂದು ನನಗೆ ಕಾಣುವುದಿಲ್ಲ. ಬರೆಯುವ ಮೊದಲು ಮಸೀದಿಯ ಆಲಿಮರಿಗೂ ಕುಟುಂಬದ ವೈದ್ಯರಿಗೂ ತೋರಿಸಿ.

ಕರಿಬಸಮ್ಮನವರಿಗೆ ನನ್ನ ಉತ್ತರ ಏನು? ಅವರು ನನ್ನೆದುರು ಕೂತು ಕೇಳಿದರೆ, ಇಂಜೆಕ್ಷನ್ ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಆದರೆ ಆ ಮಾತನ್ನು ಈ ಪತ್ರಿಕೆಯಲ್ಲಿ ಬರೆದಷ್ಟು ಸುಲಭವಾಗಿ ಅವರ ಮುಖ ನೋಡಿ ಹೇಳಲು ನನ್ನಿಂದಾಗುತ್ತದೆಯೇ ಎಂಬ ಸಂಶಯವಿದೆ. ಎಲ್ಲ ನೋವೂ ಔಷಧಕ್ಕೆ ಬಗ್ಗುವುದಿಲ್ಲ. ಹಾಗೆಂದು ಸುಳ್ಳು ಹೇಳಲಾರೆ.

ಪಂತರಪಾಳ್ಯದ ಹಿರಿಯರು ಆಮೇಲೆ ಏಳು ವಾರ ಇದ್ದರು. ಕೆಟ್ಟ ದಿನಗಳಲ್ಲಿ ಇನ್ನೂ ಎರಡು ಸಲ ಪುಡಿಯ ಮಾತೆತ್ತಿದರು. ನಾನು ತೌಬಾ ಎನ್ನಲಿಲ್ಲ. ಎಲ್ಲಿ ನೋಯುತ್ತಿದೆ ಎಂದು ಕೇಳಿ, ನರ್ಸಿಗೆ ಫೋನ್ ಮಾಡಿದೆ. ಉಳಿದ ದಿನಗಳಲ್ಲಿ ಮೊಮ್ಮಗಳು ಮಂಚದ ಮೇಲೆ ಕೂತು ಯಸ್ಸರ್ನಲ್ ಕುರ್‌ಆನ್ ಓದುತ್ತಿದ್ದಳು.  ತಪ್ಪಿದಲ್ಲಿ ಅವರು ಬೆರಳೆತ್ತಿ ತಿದ್ದುತ್ತಿದ್ದರು.